ಮೈದುನನ ಷರತ್ತು ಪಾರಾಯಣ

ನನ್ನ ಮೈದುನನ ಬಾಯಿಂದ "ಆಯ್ತು, ಒಪ್ಪಿದೆ" ಎಂಬ ಮಾತು ಹೊರಡಿಸಿದವರು ಈ ದೆಹಲಿಯಲ್ಲಿ ಯಾರಾದರೂ ಇದ್ದರೆ ಬರಲಿ, ಅವರ ಕಾಲಿಗೆ ಬೀಳುತ್ತೇನೆ. ನನಗೆ ಮಂಡಿನೋವು, ಬಗ್ಗಿದರೆ ಎಬ್ಬಿಸಲು ಇಬ್ಬರು ಬೇಕು. ಆದರೂ ಧೈರ್ಯವಾಗಿ ಹೇಳುತ್ತಿದ್ದೇನೆ. ಯಾಕೆಂದರೆ ಯಾರೂ ಬರುವುದಿಲ್ಲ!

ಇವನು ನಮ್ಮ ಯಜಮಾನರ ಕಿರಿಯ ತಮ್ಮ. ನಾನು ಮದುವೆಯಾಗಿ ದೆಹಲಿಗೆ ಬಂದಾಗ ಅಣ್ಣನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಚಡ್ಡಿ ಹಾಕಿಕೊಂಡು ರೇಡಿಯೋ ಬಿಚ್ಚುತ್ತಾ ಕೂತಿದ್ದ. ಈಗ ಅವನೂ ಸರ್ಕಾರಿ ನೌಕರಿ ಮುಗಿಸಿ ನಿವೃತ್ತನಾಗಿದ್ದಾನೆ, ಪ್ಯಾಂಟು ಹಾಕಿಕೊಂಡು ಕಂಪ್ಯೂಟರ್ ಬಿಚ್ಚುತ್ತಾ ಕೂತಿದ್ದಾನೆ. ಕೇಂದ್ರ ಸರ್ಕಾರ ಇಷ್ಟು ವರ್ಷ ಸಂಬಳ ಕೊಟ್ಟು ಅವನಲ್ಲಿ ತಂದ ಬದಲಾವಣೆ ಪ್ಯಾಂಟು ಒಂದೇ. ತಾಯಿಯಿಲ್ಲದ ಹುಡುಗ ಎಂದು ನಾನೇ ಅನ್ನ ಹಾಕಿ ಬೆಳೆಸಿದೆ. ಯಾರನ್ನು ದೂರಲಿ? ಯಜಮಾನರು ಹೋದ ಮೇಲೆ ದ್ವಾರಕಾ ಬಡಾವಣೆಯ ಈ ಅಪಾರ್ಟ್‌ಮೆಂಟ್ ಸೊಸೈಟಿಯ ಮೂರನೆಯ ಮಹಡಿಯ ಮನೆಯಲ್ಲಿ ನಾನು, ಅವನು, ಅವನ ಸ್ಕ್ರೂಡ್ರೈವರುಗಳು ಉಳಿದುಕೊಂಡಿದ್ದೇವೆ.

ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತೀರಾ? ಎಲ್ಲರೂ ಕೇಳುತ್ತಾರೆ. ಒಮ್ಮೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದೆವು. ಉಪ್ಪಿಟ್ಟು ಬಂತು, ಕಾಫಿ ಬಂತು. ಹುಡುಗಿಯ ತಂದೆ "ನಿಮ್ಮದೇನಾದರೂ ಕೇಳುವುದಿದ್ದರೆ ಕೇಳಿ" ಎಂದು ಬಾಯ್ಮಾತಿಗೆ ಹೇಳಿದರು. ಇವನು ನಿಜವಾಗಿಯೇ ಕೇಳಿದ.

"ಮದುವೆಯಾದ ಮೇಲೆ ನಾನು ಸರಿಯಿಲ್ಲ ಅಂತ ಹುಡುಗಿಗೆ ಅನ್ನಿಸಿದರೆ ನನ್ನನ್ನ ವಾಪಸ್ ಮಾಡೋದಕ್ಕೆ ಎಷ್ಟು ದಿನದ ಅವಕಾಶ ಇಟ್ಟುಕೊಳ್ಳೋಣ? ಗ್ರಾಹಕರಿಗೆ ಆ ಹಕ್ಕು ಇರಬೇಕಲ್ಲ?"

ಅಡಿಗೆಮನೆಯ ಪರದೆಯ ಹಿಂದಿನಿಂದ ಹುಡುಗಿಯೇ ಹೇಳಿದಳು: "ದಿನ ಎಲ್ಲಾ ಯಾಕೆ? ಈಗಲೇ ವಾಪಸ್ ಮಾಡ್ತೀನಿ."

ಬುದ್ಧಿವಂತ ಹುಡುಗಿ. ಎಲ್ಲಿದ್ದಾಳೋ, ಸುಖವಾಗಿರಲಿ. ಇವನಿಗೆ ಬೇಜಾರೇ ಆಗಲಿಲ್ಲ! ಆಟೋದಲ್ಲಿ ಬರುವಾಗ "ನೋಡಿದಿರಾ ಅತ್ತಿಗೆ, ಎಷ್ಟು ಸ್ಪಷ್ಟವಾದ ಗ್ರಾಹಕಿ" ಎಂದು ಹೊಗಳಿದ.

ಅವನ ಸಿದ್ಧಾಂತಗಳನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ತಿರುಪು ಬಿಚ್ಚಲಾಗದ ವಸ್ತು ನಮ್ಮದಲ್ಲ, ದುಡ್ಡು ಕೊಟ್ಟ ಮೇಲೂ ನಾವು ಅದರ ಬಾಡಿಗೆದಾರರು ಅಷ್ಟೇ. ಕಂಪನಿಯವನು ಏನನ್ನಾದರೂ ಪುಕ್ಕಟೆ ಕೊಟ್ಟರೆ ಹುಷಾರು, ಪುಕ್ಕಟೆ ಹುಲ್ಲು ಹಾಕುವವನು ಚೊಂಬು ಹಿಡಿದುಕೊಂಡೇ ಬಂದಿರುತ್ತಾನೆ. ಮತ್ತು ಎಲ್ಲಕ್ಕಿಂತ ದೊಡ್ಡದು, ಓದದೆ ಯಾವುದಕ್ಕೂ ಒಪ್ಪಬಾರದು. ಫೋನಿನಲ್ಲಿ "ಒಪ್ಪಿದ್ದೇನೆ" ಎಂಬ ಗುಂಡಿ ಬರುತ್ತದಲ್ಲ, ನೀವೆಲ್ಲ ಸೊಳ್ಳೆ ಹೊಡೆದ ಹಾಗೆ ಫಟ್ ಎಂದು ಹೊಡೆಯುತ್ತೀರಲ್ಲ, ಅದನ್ನು ಇವನು ಮುಟ್ಟುವುದಿಲ್ಲ. ಅದರ ಹಿಂದಿರುವ ಷರತ್ತುಗಳನ್ನೆಲ್ಲ ಓದಬೇಕು. ಎಲ್ಲ ಎಂದರೆ ಎಲ್ಲ.

ಅವನ ಕಂಪ್ಯೂಟರ್ ಒಂದಿದೆ. ಯಾವುದೋ ಕಾಲದ್ದು. ಅವನು ಅದನ್ನು ಚಾಲು ಮಾಡಿದಾಗ ನಾನು ಅನ್ನಕ್ಕಿಟ್ಟರೆ ಅನ್ನ ಮೊದಲು ಆಗುತ್ತದೆ. ಸದ್ದು ಕೇಳಿ ಕೆಳಗಿನ ಮನೆಯವರು "ಆಂಟೀ ಜೀ, ಹಿಟ್ಟಿನ ಗಿರಣಿ ಹಾಕಿದ್ದೀರಾ?" ಎಂದು ವಿಚಾರಿಸಿಕೊಂಡು ಹೋಗಿದ್ದಾರೆ.

"ಅದನ್ನ ಎಸೆದು ಹೊಸದು ತಗೊಳ್ಳೋ" ಎಂದೆ.

"ನಿಧಾನ ಇರಬಹುದು ಅತ್ತಿಗೆ. ಆದರೆ ನಮ್ಮನೆ ವಿಷಯ ಯಾರಿಗೂ ಚಾಡಿ ಹೇಳಲ್ಲ."

"ಚಾಡಿ ಹೇಳೋದಕ್ಕೆ ಅದಕ್ಕೆ ಉಸಿರೆಲ್ಲಿದೆ?"

ಇನ್ನೊಂದು ಗುಣ. "ಗೊತ್ತಿಲ್ಲ" ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟಿಲ್ಲ. ಏನು ಕೇಳಿ, ಉತ್ತರ ಸಿದ್ಧ. ಮೆಟ್ರೋ ಯಾಕೆ ತಡ? ಗೊತ್ತು. ಪಕ್ಕದ ಕಟ್ಟಡದ ಲಿಫ್ಟು ಯಾಕೆ ಕೆಟ್ಟಿದೆ? ಗೊತ್ತು. ಬದನೆಕಾಯಿಯಲ್ಲಿ ಹುಳ ಯಾಕೆ? ಅದಕ್ಕೂ ಕಂಪನಿಗಳ ನೀತಿಯೇ ಕಾರಣ! ಹುಳಕ್ಕೂ ಕಂಪನಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕೇಳಿದರೆ ಅದೂ ಗೊತ್ತಿರುತ್ತದೆ.

ಒಂದು ಸಲ ಬನಿಯನ್ ತರಲು ಮಾಲ್‌ಗೆ ಹೋದ. ನಾನೂ ಜೊತೆಗಿದ್ದೆ. ಬಿಲ್ಲು ಮಾಡುವ ಹುಡುಗಿ "ಅಂಕಲ್ ಜೀ, ಮೊಬೈಲ್ ನಂಬರ್ ಬೋಲಿಯೇ" ಎಂದಳು. ಮುಗಿಯಿತು.

"ಬನಿಯಾನ್ ಮುಝೇ ಫೋನ್ ಕರೇಗಾ ಕ್ಯಾ?" ಎಂದ ಇವನು. ಬನಿಯನ್ನು ನನಗೆ ಫೋನ್ ಮಾಡುತ್ತದೇನು ಎಂದು!

ನಂಬರಿಲ್ಲದೆ ಯಂತ್ರ ಬಿಲ್ಲು ಕೊಡುವುದಿಲ್ಲ ಎಂದಳು ಅವಳು. ಹಾಗಾದರೆ ಯಂತ್ರದ ಜೊತೆ ಮಾತಾಡುತ್ತೇನೆ ಎಂದ ಇವನು. ಮ್ಯಾನೇಜರ್ ಬಂದ. ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿದ್ದ ಒಬ್ಬ ಸರ್ದಾರ್ಜಿ ತಾಳ್ಮೆಗೆಟ್ಟು "ಅಂಕಲ್, ಮೇರಾ ನಂಬರ್ ಲಿಖ್ವಾ ದೋ" ಎಂದು ತನ್ನ ನಂಬರನ್ನೇ ಕೊಡಲು ಬಂದ. ಇವನು ಆ ಪುಣ್ಯಾತ್ಮನ ಕೈ ಹಿಡಿದುಕೊಂಡು, ನಂಬರನ್ನು ಹೀಗೆ ಕಂಡಲ್ಲಿ ಬಿಚ್ಚಿ ತೋರಿಸಬಾರದೆಂದು ಅವನಿಗೂ ಬುದ್ಧಿ ಹೇಳಿದ. ಕೊನೆಗೆ ಬನಿಯನ್ನನ್ನು ಅಲ್ಲೇ ಬಿಟ್ಟು ಗೆದ್ದವನಂತೆ ಮನೆಗೆ ಬಂದ. ಈಗಲೂ ನೋಡಿ, ಅವನ ಹಕ್ಕಿಗೆ ಒಂದು ಗೀರೂ ಬಿದ್ದಿಲ್ಲ. ತೂತೆಲ್ಲ ಬನಿಯನ್ನಿಗೇ.

ಇದೆಲ್ಲ ನಗುವ ಮಾತಾಯಿತು. ಈಗ ಒಂದು ಡಬ್ಬದ ವಿಷಯಕ್ಕೆ ಬರುತ್ತೇನೆ.

ನನ್ನ ಎದೆ ಸರಿಯಿಲ್ಲ. ಬೇಸಿಗೆಯಲ್ಲಿ ಗಟ್ಟಿಮುಟ್ಟಾಗಿರುತ್ತೇನೆ, ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ದೀಪಾವಳಿ ಹತ್ತಿರ ಬಂತೆಂದರೆ ದೆಹಲಿಯ ಗಾಳಿ ಒಗ್ಗರಣೆ ಸೀದ ಬಾಣಲೆಯ ಹಾಗಾಗುತ್ತದೆ, ನನ್ನ ಎದೆಯೊಳಗೆ ಯಾರೋ ಹಳೆಯ ಬಾಗಿಲು ತೆಗೆದು ಮುಚ್ಚಿದ ಸದ್ದು ಶುರುವಾಗುತ್ತದೆ. ಹೋದ ಚಳಿಗಾಲಕ್ಕೆ ಮುಂಚೆ ಡಾಕ್ಟರು ಖಂಡಿತವಾಗಿ ಹೇಳಿದರು, ಮನೆಯಲ್ಲಿ ಗಾಳಿ ಸೋಸುವ ಯಂತ್ರ ಇಡಿ, ಇಲ್ಲದಿದ್ದರೆ ಈ ಸಲ ಕಷ್ಟ. ನೋಯ್ಡಾದಿಂದ ನನ್ನ ಮಗಳು ಮರುದಿನವೇ ಒಂದನ್ನು ಕಳಿಸಿದಳು. ಬಿಳಿಯ ಡಬ್ಬ, ಸೊಂಟದೆತ್ತರ.

ಹೊಸ ವಸ್ತು ಬಂದರೆ ನಾವು ಹೇಗೆ? ಅರಿಶಿನ ಕುಂಕುಮ ಹಚ್ಚಿದೆ, ಹೂವಿಟ್ಟೆ, ನಿಂಬೆಹಣ್ಣು ಇಟ್ಟೆ, ಊದುಬತ್ತಿ ಹಚ್ಚಿ, ಒಂದು ಹಿಡಿ ಸಾಂಬ್ರಾಣಿಯನ್ನೂ ಹಾಕಿ ಚೆನ್ನಾಗಿ ಹೊಗೆ ಎಬ್ಬಿಸಿದೆ. ಅಷ್ಟರಲ್ಲಿ ಮಗಳು ವಿಡಿಯೋದಲ್ಲಿ ಬಂದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಅರ್ಧ ಮಾತು ಹಿಂದಿ.

"ಅಮ್ಮಾ! ಯೇ ಕ್ಯಾ ಕರ್ ರಹೀ ಹೋ? ಅದು ಹೊಗೆ ತೆಗೆಯೋ ಮಶೀನು! ಅದಕ್ಕೇ ಹೊಗೆ ಹಾಕ್ತೀಯಾ?"

"ದೇವರಿಗೆ ತೆಂಗಿನಕಾಯಿ ಒಡೆಯಲ್ವಾ, ಹಾಗೆ" ಎಂದೆ. ಅರ್ಥವಿತ್ತೋ ಇಲ್ಲವೋ, ಕೆಮ್ಮುತ್ತಾ ಹೇಳಿದ್ದರಿಂದ ಅವಳು ಸುಮ್ಮನಾದಳು.

ಪೂಜೆ ಆಯಿತು. ಪ್ಲಗ್ ಹಾಕಿದೆವು. ಡಬ್ಬದ ನೆತ್ತಿಯ ಮೇಲೆ ಒಂದು ಕೆಂಪು ದೀಪ ಬಂತು. ಅಷ್ಟೇ. ಅದು ಚಾಲು ಆಗಬೇಕಾದರೆ ಫೋನಿನಲ್ಲಿ ಅದರ ಆ್ಯಪ್ ಹಾಕಿಕೊಳ್ಳಬೇಕಂತೆ. ಆ್ಯಪ್ ಹಾಕಿದರೆ ಮೊದಲ ಪುಟದಲ್ಲೇ ಷರತ್ತುಗಳು, ಅದರಡಿಯಲ್ಲಿ ಒಂದು ಗುಂಡಿ. ಯಾವ ಗುಂಡಿ ಎಂದು ಹೇಳಬೇಕೇ?

"ಚಿಕ್ಕಪ್ಪಾ, ಬಸ್ ಆ ಬಟನ್ ದಬಾ ದೋ" ಎಂದಳು ಮಗಳು.

"ಓದಿ ಒತ್ತುತ್ತೀನಿ ಪುಟ್ಟಿ" ಎಂದ ಇವನು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಅಲ್ಲಿಗೆ ಶುರುವಾಯಿತು ಪಾರಾಯಣ!

ನನ್ನ ಓದು ಊರಿನ ಮೂರನೆಯ ಕ್ಲಾಸಿಗೆ ಮುಗಿದಿದ್ದು. ಕನ್ನಡ ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಇಂಗ್ಲಿಷು ನನಗೂ ಎಮ್ಮೆಗೂ ಒಂದೇ. ಅದಕ್ಕೇ ಅವನು ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಷರತ್ತು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ. ನಾನು ಕಿಟಕಿ ಭದ್ರವಾಗಿ ಮುಚ್ಚಿ, ಬಟಾಣಿ ಸುಲಿಯುತ್ತಾ ಕೇಳುತ್ತಿದ್ದೆ. ದೆಹಲಿಯ ಚಳಿಗಾಲದಲ್ಲಿ ಹೆಂಗಸರಿಗೆ ಬಟಾಣಿ ಸುಲಿಯುವುದೊಂದು ನೌಕರಿ, ನಿವೃತ್ತಿಯಿಲ್ಲದ್ದು.

"ಕೇಳಿ ಅತ್ತಿಗೆ. 'ನಿಮ್ಮ ಮಾಹಿತಿಯನ್ನು ನಾವು ಮೂರನೆಯವರ ಜೊತೆ ಹಂಚಿಕೊಳ್ಳಬಹುದು.'"

"ಮೊದಲನೆಯವರು ಯಾರು?"

"ನಾವು."

"ಎರಡನೆಯವರು?"

"ಕಂಪನಿ."

"ಮೂರನೆಯವನು ಯಾರೋ?"

"ಅದನ್ನೇ ಹೇಳಿಲ್ಲ ನೋಡಿ!"

"ಇಬ್ಬರ ನಡುವೆ ಹೆಸರು ಹೇಳದ ಮೂರನೆಯವನೊಬ್ಬ ಬಂದು ಹೋಗ್ತಾ ಇದ್ದರೆ ಆ ಸಂಸಾರ ಉದ್ಧಾರ ಆಗಲ್ಲ ಬಿಡು" ಎಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಂಪನಿಗೆ ಕಳಿಸಿದ.

ಇನ್ನೊಂದು ದಿನ ಆ ಡಬ್ಬಕ್ಕೆ ಫೋನಿನ ಮೈಕೂ ಬೇಕೆಂದು ಗೊತ್ತಾಯಿತು.

"ಗಾಳಿ ಸೋಸೋ ಡಬ್ಬಕ್ಕೆ ನಮ್ಮನೆ ಮಾತು ಯಾಕೆ ಕೇಳಬೇಕು ಅತ್ತಿಗೆ?"

"ಕೇಳಲಿ ಬಿಡು. ಈ ಮನೇಲಿ ಮಾತಾಡೋನು ನೀನೊಬ್ಬ. ಎರಡು ದಿನ ಕೇಳಿದರೆ ಅವರೇ ಬಂದು ಕೈಮುಗಿದು ಡಬ್ಬ ವಾಪಸ್ ತಗೊಂಡು ಹೋಗ್ತಾರೆ."

ಹೀಗೆ ನಡೆದು ನಡೆದು ಕೊನೆಯ ಪುಟಗಳಿಗೆ ಬಂದಿದ್ದ. ಇನ್ನೇನು ನಾಳೆ ನಾಡಿದ್ದು ಮುಗಿಯಿತು, ಡಬ್ಬ ಚಾಲು, ನನಗೆ ಉಸಿರು. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಕಂಪನಿಯಿಂದ ಸಂದೇಶ. "ನಮ್ಮ ಷರತ್ತುಗಳನ್ನು ಪರಿಷ್ಕರಿಸಿದ್ದೇವೆ."

ಅವನು ಕನ್ನಡಕ ಒರೆಸಿಕೊಂಡ. "ಮೊದಲ ಪುಟದಿಂದ ಶುರು ಮಾಡಬೇಕು ಅತ್ತಿಗೆ."

"ಅಲ್ಲಯ್ಯಾ, ಪುರಾಣದಲ್ಲಿ ರಾಕ್ಷಸ ಸಾಯೋ ಹೊತ್ತಿಗೆ ಪುನಃ ಒಂದನೇ ಅಧ್ಯಾಯ ಅಂದರೆ ಕೂತು ಕೇಳೋರು ಯಾರು?"

"ನೀವು ಕೇಳ್ತೀರಲ್ಲ."

"ನನಗೆ ಬಟಾಣಿ ಇದೆ, ಅದಕ್ಕೆ ಕೂರ್ತೀನಿ."

ನಾನೇ ಆ ಗುಂಡಿ ಒತ್ತಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತಿರಬಹುದು. ಮಗಳೂ ಫೋನಿನಲ್ಲಿ ಅದನ್ನೇ ಬಡಿದುಕೊಂಡಳು. ಒತ್ತಬಹುದಿತ್ತು. ಅವನು ಸ್ನಾನಕ್ಕೆ ಹೋದಾಗ ಫೋನು ಮೇಜಿನ ಮೇಲೇ ಬಿದ್ದಿರುತ್ತಿತ್ತು. ಆದರೆ ಪಾರಾಯಣ ನಡೆಯುತ್ತಿರುವಾಗ ಮಧ್ಯದಲ್ಲಿ ಎದ್ದು ಮಂಗಳಾರತಿ ಎತ್ತುವವರುಂಟೇ? ನಮ್ಮ ಮನೆತನದಲ್ಲಿ ಇಲ್ಲ.

ಸುಮ್ಮನೆ ನಿಂತ ಡಬ್ಬದ ಮೇಲೆ ನಾನು ಕ್ರೋಷಾ ಹಾಸು ಹಾಸಿ, ಅದರ ಮೇಲೆ ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ಇಟ್ಟೆ. ಎತ್ತರ ಸರಿಯಾಗಿತ್ತು, ಬಗ್ಗಬೇಕಾಗಿರಲಿಲ್ಲ.

ಅವನು ಕೈಕಟ್ಟಿ ಕೂತಿದ್ದ ಎಂದು ತಿಳಿಯಬೇಡಿ. ಡಬ್ಬ ಬಿಚ್ಚಿ, ಆ್ಯಪಿನ ಹಂಗಿಲ್ಲದೆ ಒಳಗಿನ ಫ್ಯಾನಿಗೆ ನೇರ ಕರೆಂಟು ಕೊಡುತ್ತೇನೆಂದು ಸ್ಕ್ರೂಡ್ರೈವರ್ ತಂದ. ಬೆನ್ನಿನಲ್ಲಿ ಒಂದು ಚೀಟಿ ಅಂಟಿಸಿದ್ದರು, ಬಿಚ್ಚಿದರೆ ವಾರಂಟಿ ಇಲ್ಲವೆಂದು. ಹಾಗೆ ಹೇಳುವ ಅಧಿಕಾರ ಕಂಪನಿಗೆ ಇದೆಯೇ ಇಲ್ಲವೇ ಎಂಬುದು ಷರತ್ತುಗಳಲ್ಲಿದೆ. ಷರತ್ತು ಓದಿ ಮುಗಿದಿಲ್ಲ. ಓದಿ ಮುಗಿಯದೆ ಬಿಚ್ಚುವಂತಿಲ್ಲ, ಒಪ್ಪದೆ ಚಾಲು ಮಾಡುವಂತಿಲ್ಲ. ತ್ರಿಶಂಕು ಸ್ವರ್ಗ! ಆ ಸ್ವರ್ಗದಲ್ಲಿ ಕೆಮ್ಮುತ್ತಿದ್ದವಳು ನಾನು.

ಆಮೇಲೆ ಸ್ವಂತ ಯಂತ್ರ ಮಾಡಿದ. ಬೇಸಿಗೆಯ ಟೇಬಲ್ ಫ್ಯಾನನ್ನು ಅಟ್ಟದಿಂದ ಇಳಿಸಿ, ಅದರ ಮುಖಕ್ಕೆ ಗಾಳಿ ಸೋಸುವ ಜಾಲರಿ ತಂದು ಪಂಚೆಯ ಅಂಚು ಹರಿದು ಕಟ್ಟಿದ. ಜನವರಿಯ ಚಳಿ! ಮೈಮೇಲೆ ರಜಾಯಿ, ಕಾಲಿಗೆ ಉಣ್ಣೆಯ ಕಾಲುಚೀಲ, ಎದುರಿಗೆ ಭರ್ರೆಂದು ಫ್ಯಾನು! ಹೊಗೆಯಿಂದ ಸಾಯಬೇಕಿದ್ದವಳು ಚಳಿಯಿಂದ ಸತ್ತರೆ ಕಂಪನಿಯ ತಪ್ಪೇನೂ ಇರುವುದಿಲ್ಲವಲ್ಲ? ನಾನು ಎದ್ದು ಸ್ವಿಚ್ಚು ಆರಿಸಿದೆ. "ಪ್ರಯೋಗ ಅರ್ಧಕ್ಕೆ ನಿಲ್ಲಿಸಿದಿರಿ" ಎಂದು ನನ್ನ ಮೇಲೇ ಮುನಿಸಿಕೊಂಡ.

ಕಂಪನಿಗೆ ಫೋನೂ ಮಾಡುತ್ತಿದ್ದ. ಆ ಕಡೆಯಿಂದ ಒಬ್ಬಳು ಜೇನಿನಂಥ ಧ್ವನಿಯವಳು ಮಾತಾಡುತ್ತಿದ್ದಳು. ಇವನು ಅವಳಿಗೆ ಗ್ರಾಹಕರ ಹಕ್ಕುಗಳನ್ನೆಲ್ಲ ವಿವರಿಸುತ್ತಿದ್ದ. ಅವಳು ಒಂದು ಸಲವೂ ಸಿಟ್ಟಾಗಲಿಲ್ಲ. ನನಗೆ ಆಸೆ ಹುಟ್ಟಿತು.

"ಎಷ್ಟು ತಾಳ್ಮೆ! ಆ ಹುಡುಗಿಗೆ ಮದುವೆ ಆಗಿದೆಯಾ ಕೇಳೋ."

"ಅತ್ತಿಗೆ, ಅದು ಯಂತ್ರ."

"ಯಂತ್ರ ಅಂತ ಗೊತ್ತಿದ್ದೂ ಅಷ್ಟು ಹೊತ್ತು ಜಗಳ ಆಡಿದೆಯಾ?"

ಅಷ್ಟರಲ್ಲಿ ಆ ಯಂತ್ರ ತನ್ನ ಸೇವೆ ಹೇಗಿತ್ತೆಂದು ನಕ್ಷತ್ರ ಕೊಡಿ ಎಂದು ಕೇಳಿತು. ಇವನು ಸೊನ್ನೆ ಕೊಡಲು ಹೊರಟ. ಅಲ್ಲಿ ಒಂದರಿಂದ ಐದರವರೆಗೆ ಮಾತ್ರ ಇತ್ತು. "ಸೊನ್ನೆ ಕೊಡೋ ಹಕ್ಕು ಗ್ರಾಹಕನಿಗೆ ಇಲ್ಲವಾ? ನಮ್ಮ ಗಣಿತದ ಮೇಷ್ಟ್ರು ನನಗೇ ಕೊಡ್ತಿದ್ದರು!" ಎಂದು ಕೂಗಾಡಿದ. ಹೊಸ ದೂರು ಶುರುವಾಯಿತು.

ಇಷ್ಟು ಸಾಲದೆಂದು ನಮ್ಮ ಸೊಸೈಟಿಯವರು ಗೇಟಿಗೂ ಆ್ಯಪ್ ತಂದರು. ಯಾರೇ ಬಂದರೂ ಗೇಟು ಕಾಯುವ ಭಯ್ಯಾ ಫೋನಿನಲ್ಲಿ ಹೆಸರು ಹಾಕುತ್ತಾನೆ, ಮನೆಯವರ ಫೋನಿಗೆ ಟಿಣ್ ಎಂದು ಬರುತ್ತದೆ, ಅವರು ಬಿಡಿ ಎಂದರೆ ಬಿಡುತ್ತಾನೆ. ನಮ್ಮ ಮನೆಗೆ ಮಾತ್ರ ಟಿಣ್ಣೂ ಇಲ್ಲ, ಗಿಣ್ಣೂ ಇಲ್ಲ.

"ನಮ್ಮನೆಗೆ ಯಾರು ಬರ್ತಾರೆ, ಯಾವಾಗ ಬರ್ತಾರೆ ಅನ್ನೋದು ಯಾವುದೋ ಕಂಪನಿಗೆ ಯಾಕೆ ಗೊತ್ತಾಗಬೇಕು?" ಎಂದ.

ನಮ್ಮ ಮನೆಗೆ ಬರುವವಳು ಪದ್ಮಕ್ಕ ಒಬ್ಬಳೇ. ಗುಲಬರ್ಗಾ ಕಡೆಯವಳು, ಗುರುವಾರ ಗುರುವಾರ ಮೆಟ್ರೋ ಹತ್ತಿ ನನ್ನ ಜೊತೆ ಚೌಕಾಬಾರ ಆಡಲು ಬರುತ್ತಾಳೆ. ಬರುವ ವಿಷಯವನ್ನು ಇಡೀ ಬೋಗಿಗೆ ಕೇಳುವ ಹಾಗೆ ಫೋನಿನಲ್ಲಿ ಕೂಗಿಕೊಂಡೇ ಬರುತ್ತಾಳೆ. ಅವಳ ವಿಷಯದಲ್ಲಿ ಮುಚ್ಚಿಡುವುದಾದರೂ ಏನು? ಆದರೆ ಆ ಗುರುವಾರ ಗೇಟಿನಲ್ಲಿ ಅವಳನ್ನು ತಡೆದರು. ಅವಳು ನನಗೆ ಫೋನು ಮಾಡಿದರೆ, ಫೋನು ಅಡಿಗೆಮನೆಯಲ್ಲಿ, ನಾನು ಹಿಂದಿನ ಬಾಲ್ಕನಿಯಲ್ಲಿ. ಅವಳು ಬೈದುಕೊಂಡು ವಾಪಸ್ ಹೋದಳು.

ಅಂದು ನಾನು ಅವನಿಗೆ ಸಾರು ಬಡಿಸಲಿಲ್ಲ. ಬರೀ ಅನ್ನ ಇಟ್ಟೆ. ಮರುದಿನ ಬೆಳಿಗ್ಗೆ ಅವನು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು, ಮಂಕಿ ಕ್ಯಾಪು ಹಾಕಿಕೊಂಡು ಕೆಳಗಿಳಿದು ಗೇಟಿನ ಪಕ್ಕ ಕೂತ. ನಮ್ಮ ಮನೆಗೆ ಬರುವವರಿಗೆ ತಾನೇ ಖುದ್ದಾಗಿ ಒಪ್ಪಿಗೆ ಕೊಡುತ್ತೇನೆಂದು! ಗೇಟಿನ ಭಯ್ಯಾ ನಕ್ಕು "ಅಂಕಲ್ ಜೀ ಹೀ ಹಮಾರೇ ಆ್ಯಪ್ ಹೈಂ" ಎಂದನಂತೆ, ಅಂಕಲ್ಲೇ ನಮ್ಮ ಆ್ಯಪ್ ಎಂದು. ಸೊಸೈಟಿಯ ಇತರ ಮುದುಕ ಮುದುಕಿಯರಿಗೆ ಇದು ಬಹಳ ಹಿಡಿಸಿತು. ಆ್ಯಪ್ ಬಾರದವರೆಲ್ಲ ಬಾಲ್ಕನಿಯಿಂದ ಬಗ್ಗಿ "ಭಾಯಿ ಸಾಹೇಬ್, ನನ್ನ ಅಳಿಯ ಬರ್ತಾನೆ, ಬಿಡಿ" ಎಂದು ಕೂಗತೊಡಗಿದರು. ಇವನು ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸತೊಡಗಿದ. ಆ್ಯಪ್ ಕೇಳುವುದು ಹೆಸರು, ನಂಬರು. ಇವನು ಊರು, ಕೆಲಸ, ಅತ್ತೆ ಮನೆ, ಬಂದ ಕಾರಣ ಎಲ್ಲ ಕೇಳುತ್ತಾನೆ! ಜನರ ಗುಟ್ಟು ಕಾಪಾಡಲು ಕೂತವನಿಗೆ ವಾರ ಕಳೆಯುವುದರಲ್ಲಿ ಸೊಸೈಟಿಯ ಎಲ್ಲ ಗುಟ್ಟೂ ಬಾಯಿಪಾಠ.

ಮುಂದಿನ ಗುರುವಾರ ಪದ್ಮಕ್ಕನನ್ನು ಅವನು ಗೌರವದಿಂದಲೇ ಬರಮಾಡಿಕೊಂಡ. ಆದರೆ ಬಿಡುವ ಮೊದಲು, ಅವಳನ್ನು ಹಿಂದಿನ ವಾರ ಯಾವ ತತ್ವಕ್ಕಾಗಿ ವಾಪಸ್ ಕಳಿಸಬೇಕಾಯಿತೆಂದು ಅವಳಿಗೆ ವಿವರಿಸಿದ. ಅವಳು ಮೇಲೆ ಬರುವ ಹೊತ್ತಿಗೆ ಚಹಾ ಆರಿಹೋಗಿತ್ತು.

"ನಿನ್ನ ಮೈದುನಗ ಯಾರರೆ ಆ್ಯಪ್ ಹಾಕ್ರಿ ಯವ್ವಾ, ಬಂದ್ ಮಾಡೂ ಗುಂಡಿ ಇರೂದು" ಎಂದಳು.

ನಕ್ಕು ನಕ್ಕು ನನಗೆ ಕೆಮ್ಮು ಹತ್ತಿತು. ಹತ್ತಿದ ಕೆಮ್ಮು ಇಳಿಯಲಿಲ್ಲ. ಚೌಕಾಬಾರದ ಮನೆಯಲ್ಲಿ ಕಾಯಿ ಅರ್ಧಕ್ಕೇ ನಿಂತಿತು. ಪದ್ಮಕ್ಕ ಬಿಸಿನೀರು ಕುಡಿಸಿ, ಹಾಸಿನ ಸಂದಿಯಲ್ಲಿ ಕಾಣುವ ಡಬ್ಬದ ಕೆಂಪು ದೀಪವನ್ನೂ ಅದರ ಮೇಲಿನ ಭರಣಿಯನ್ನೂ ನೋಡಿ ಎದ್ದು ಹೋದಳು.

ಅದಾದ ಎರಡು ದಿನಕ್ಕೆ ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಎದುರಿನ ಕಟ್ಟಡವೇ ಇಲ್ಲ. ಬೂದಿ ಬಣ್ಣದ ಹೊಗೆ ಗಾಜಿಗೆ ಒತ್ತಿಕೊಂಡು ನಿಂತಿತ್ತು. ಕಾಫಿಗೆ ನೀರಿಡಲು ಹೋದೆ. ಅಡಿಗೆಮನೆಯವರೆಗೆ ಹೋಗಲಾಗಲಿಲ್ಲ. ಗೋಡೆ ಹಿಡಿದುಕೊಂಡು ಸೋಫಾದ ಮೇಲೆ ಕೂತೆ. ಉಸಿರು ಒಳಗೆ ಹೋಗುತ್ತಿಲ್ಲ. ಕರೆಯೋಣವೆಂದರೆ ಧ್ವನಿ ಇಲ್ಲ. ಮೇಜಿನ ಮೇಲಿದ್ದ ಬಟಾಣಿಯ ತಟ್ಟೆ ತಳ್ಳಿದೆ. ಢಣ್ ಎಂದ ಸದ್ದಿಗೆ ಅವನು ಓಡಿಬಂದ.

ನನ್ನ ಮುಖ ನೋಡಿದ. "ಆಟೋ ತರ್ತೀನಿ" ಎಂದು ಬಾಲ್ಕನಿಗೆ ಓಡಿದ. ರಸ್ತೆಯೇ ಕಾಣದಿರುವಾಗ ಆಟೋ ಎಲ್ಲಿಂದ ಕಂಡೀತು? ಒಳಗೆ ಬಂದವನೇ ಫೋನು ತೆಗೆದ. ಟ್ಯಾಕ್ಸಿಯ ಆ್ಯಪು. ಇಷ್ಟು ವರ್ಷ ಹಾಕಿಸಿಕೊಳ್ಳದೆ ಬಿಟ್ಟಿದ್ದ ಆ್ಯಪು.

ನನಗೆ ಉಸಿರಿರಲಿಲ್ಲ, ಕಣ್ಣು ಕಾಣುತ್ತಿತ್ತು. ನೋಡುತ್ತಲೇ ಇದ್ದೆ. ಬಟಾಣಿ ಸುಲಿದ ಹಾಗೆ ಒಂದರ ಹಿಂದೊಂದು ಒತ್ತುತ್ತಿದ್ದ. ಇರುವ ಜಾಗ ಹೇಳಬೇಕೆ? ಹೇಳು. ಎಲ್ಲರ ನಂಬರು ಬೇಕೆ? ತಗೋ. ಮೈಕು ಬೇಕೆ? ತಗೋ. ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಟ್ಯಾಕ್ಸಿ ಬಂತು. ಗೇಟಿನಲ್ಲಿ ತಡೆದರು, ಹೊಸ ಭಯ್ಯಾ, ಇವನನ್ನು ಅರಿಯದವನು. ಡ್ರೈವರು ಫೋನು ಮಾಡಿದ, "ಗೇಟ್ ಪೇ ರೋಕ್ ಲಿಯಾ ಹೈ, ಸರ್." ಗೇಟಿನ ಆ್ಯಪ್ಪನ್ನೂ ಹಾಕಿದ. ಅದಕ್ಕೂ ಒಪ್ಪಿದೆ, ಒಪ್ಪಿದೆ, ಒಪ್ಪಿದೆ.

ಓದದೆ ಒಪ್ಪಿದ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವನ ಕನ್ನಡಕ ಹಣೆಯ ಮೇಲೇ ಇತ್ತು.

ಆಸ್ಪತ್ರೆಯಲ್ಲಿ ಮೂಗಿಗೆ ಮುಖವಾಡ ಹಾಕಿ ಮಲಗಿಸಿದರು. ಕೆಲವು ದಿನ ಅಲ್ಲೇ ಇದ್ದೆ. ಊಟಕ್ಕೆ ಉಪ್ಪಿರಲಿಲ್ಲ, ಗಾಳಿ ಚೆನ್ನಾಗಿತ್ತು. ಮಗಳು ಅತ್ತುಕೊಂಡು ಬಂದು ಅವನಿಗೆ ಬೈದಳು. "ಚಿಕ್ಕಪ್ಪಾ, ಒಂದು ಬಟನ್! ಸಿರ್ಫ್ ಏಕ್ ಬಟನ್ ಥಾ!" ಯಾವ ಮಾತಿಗೂ ಉತ್ತರವಿದ್ದ ಮನುಷ್ಯ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿದ್ದ. ನಾನು ಮುಖವಾಡ ಸರಿಸಿ "ಬಿಡೇ, ನನಗೂ ಕೈ ಇತ್ತು, ನಾನೂ ಒತ್ತಲಿಲ್ಲ" ಎಂದೆ. ನರ್ಸು ಬಂದು ಮಾತಾಡಬೇಡಿ ಎಂದು ನನಗೇ ಗದರಿದಳು.

ಮನೆಗೆ ಕರೆತಂದರು. ಬಾಗಿಲು ತೆಗೆದ ಕೂಡಲೇ ಏನೋ ಒಂದು ಸದ್ದು, ಬೆಕ್ಕು ಗೊರಗುಟ್ಟಿದ ಹಾಗೆ. ನೋಡಿದರೆ ನನ್ನ ಉಪ್ಪಿನಕಾಯಿಯ ಭರಣಿ ಕೆಳಗೆ ನೆಲದ ಮೇಲಿತ್ತು. ಕ್ರೋಷಾ ಹಾಸನ್ನು ನೀಟಾಗಿ ಮಡಿಸಿ ಪಕ್ಕದಲ್ಲಿಟ್ಟಿದ್ದ. ಡಬ್ಬದ ನೆತ್ತಿಯ ಮೇಲೆ ದೀಪ ನೀಲಿಯಾಗಿತ್ತು.

ಮಗಳು ನೋಯ್ಡಾಕ್ಕೆ ಹೊರಟಳು. ಅವನು ಡಬ್ಬಕ್ಕೆ ಬೆನ್ನು ಹಾಕಿ, ಮಾತು ಬಿಟ್ಟ ನೆಂಟನ ಪಕ್ಕ ಕೂತವನಂತೆ ಕೂತಿದ್ದ. ನಾನೂ ಸೋಫಾದ ಮೇಲೆ ಕೂತೆ. ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು.

"ಅವರಿಗೆ ಏನೇನು ಬರೆದುಕೊಟ್ಟೆಯೋ?" ಎಂದು ಕೇಳಿದೆ.

ಅವನು ಹಣೆಯ ಮೇಲಿನ ಕನ್ನಡಕವನ್ನು ಮುಟ್ಟಿ ನೋಡಿಕೊಂಡ.

"ಗೊತ್ತಿಲ್ಲ ಅತ್ತಿಗೆ."

ಚಡ್ಡಿ ಹಾಕಿಕೊಂಡು ರೇಡಿಯೋ ಬಿಚ್ಚುತ್ತಿದ್ದ ಕಾಲದಿಂದ ಅವನನ್ನು ನೋಡಿದ್ದೇನೆ. ಆ ಮಾತನ್ನು ಅವನ ಬಾಯಲ್ಲಿ ಕೇಳಿದ್ದು ಅಂದೇ.

ನಾನು ಎದ್ದು ಭರಣಿಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟೆ. ಫ್ರಿಜ್ಜಿನಲ್ಲಿ ಬಟಾಣಿ ಇತ್ತು, ಒಣಗಿತ್ತು, ಸುಲಿಯಲು ಅಡ್ಡಿಯಿರಲಿಲ್ಲ. ತಟ್ಟೆ ತಂದು ಮಡಿಲಲ್ಲಿಟ್ಟುಕೊಂಡು ಅವನ ಎದುರು ಕೂತೆ.

"ಕನ್ನಡಕ ಇಳಿಸು" ಎಂದೆ. "ಮೊದಲನೇ ಪುಟದಿಂದ ಓದು."